ವಿಠಲಸಾ ಕೆಂಪು

ಕಬ್ಬನ್‌ಪೇಟೆಯ ಗಲ್ಲಿಯಲ್ಲಿ ಕೆಳಗೆ ಬಣ್ಣದ ಮನೆ,
ಮೇಲೆ ನನ್ನ ಬಾಡಿಗೆ ಕೋಣೆ.
ಮೋರಿಯ ನೀರು ನೋಡಿ ವಾರ ಹೇಳಬಹುದು ಇಲ್ಲಿ:
ಸೋಮವಾರ ಅರಿಸಿನ, ಬುಧವಾರ ಗಿಳಿಹಸಿರು,
ಮದುವೆಯ ತಿಂಗಳಾದರೆ ಏಳು ದಿನವೂ ಕೆಂಪು.

ಮನೆಯ ಮಾಲೀಕರು ವಿಠಲಸಾ. ಮೊಣಕೈವರೆಗೆ ಬಣ್ಣ.
ನಾನು ಮೆಟ್ಟಿಲು ಹತ್ತುವಾಗ ದಿನಾ ಕೇಳುತ್ತಾರೆ:
"ಇವತ್ತು ಎಷ್ಟು ದೂರ ಹೋಗಿತ್ತಮ್ಮ ಸವಾರಿ?"
"ಐನೂರು ಕೋಟಿ ವರ್ಷ, ಬೆಳಕಿನ ಲೆಕ್ಕದಲ್ಲಿ."
"ಹೆಂಗಸರ ಫ್ರೀ ಟಿಕೆಟ್ ಅಲ್ಲಿಗೂ ನಡೆಯುತ್ತಾ?"

ನನ್ನ ಕೆಲಸ ಇಷ್ಟೇ.
ಯಾವುದೋ ಬೆಟ್ಟದ ಮೇಲೆ ಯಾರೋ ತೆಗೆದ ಚಿತ್ರಗಳು,
ಒಂದೊಂದನ್ನೂ ಐದು ಬಣ್ಣದ ಗಾಜಿನಲ್ಲಿ ಸೋಸಿದ್ದು.
ಅದರಲ್ಲಿ ಕೆಂಪಗಿರುವ ಗ್ಯಾಲಕ್ಸಿಗಳನ್ನು ಆರಿಸಿ
ದೂರವೆಷ್ಟು, ತೂಕವೆಷ್ಟು, ವಯಸ್ಸೆಷ್ಟು ಬರೆಯುವುದು.
ಎರಡು ಲಕ್ಷದ ಹನ್ನೊಂದು ಸಾವಿರ ಚುಕ್ಕೆ.
ಮುಖ ನೋಡಿ ಊರು ಹೇಳುವ ಕಸುಬು.
ಅಪರೂಪಕ್ಕೆ ಒಂದರ ಬೆಳಕನ್ನು ಬಿಡಿಸಿ ಹರಡಲು ಸಿಕ್ಕರೆ
ನೇರಳೆಯ ಅಂಚಿನಲ್ಲಿರಬೇಕಾದ ಸುಣ್ಣದ ಎರಡು ಕಪ್ಪು ಗೆರೆ
ಎಲ್ಲಿಗೆ ಸರಿದಿವೆಯೆಂದು ಅಳೆದು ಖಾತ್ರಿ ಮಾಡಬಹುದು.
ಉಳಿದವಕ್ಕೆಲ್ಲ ಅಂದಾಜು,
ಅಂದಾಜಿನ ಪಕ್ಕದಲ್ಲಿ ಇಷ್ಟು ಹೆಚ್ಚು, ಇಷ್ಟು ಕಡಿಮೆ.

"ಸುಣ್ಣವಾ? ಅಲ್ಲೂನಾ?"
ಎಲೆಗೆ ಸವರುತ್ತಿದ್ದ ಬೆರಳು ನಿಂತಿತು.
ಇದೇ ಕ್ಯಾಲ್ಸಿಯಂ ಅಂದೆ. ಎಲೆ ಮಡಿಸಲು
ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಕೆಂಪು ಯಾಕೆ?" ಅಂದರು ಇನ್ನೊಂದು ಸಂಜೆ.
ದೂರ ಸರಿಯುವುದು ಕೆಂಪಾಗುತ್ತದೆ ಅಂದೆ.
ಮುದಿಯಾದದ್ದೂ ಆಗುತ್ತದೆ. ನೀಲಿ ನಕ್ಷತ್ರಗಳು ಜೋರಾಗಿ ಉರಿದು
ಬೇಗ ಹೋಗಿಬಿಡುತ್ತವೆ, ಹೊಸವು ಹುಟ್ಟುವುದಿಲ್ಲ,
ನಿಧಾನಸ್ಥರು ಉಳಿಯುತ್ತಾರೆ.
ಇಲ್ಲಾ, ಏನೂ ಆಗಿರುವುದಿಲ್ಲ, ನಡುವೆ ಬರೀ ಧೂಳು,
ಟೌನ್‌ಹಾಲ್ ಹಿಂದೆ ಸಂಜೆಯ ಸೂರ್ಯ ಇರುತ್ತಾನಲ್ಲ, ಹಾಗೆ.
ಯಾವ ಕೆಂಪು ಯಾವುದರದ್ದು ಅಂತ ಬಿಡಿಸುವುದೇ ಕಷ್ಟ.

ಅವರು ರೇಷ್ಮೆಯ ಲಡಿಯೊಂದನ್ನು ಹಿಂಡಿ ಗೂಟಕ್ಕೆ ಹಾಕಿದರು.
"ಒದ್ದೆ ಕೆಂಪನ್ನು ನಂಬಬಾರದು ತಾಯಿ.
ಟ್ಯೂಬ್‌ಲೈಟಿನ ಕೆಂಪನ್ನಂತೂ ನಂಬಲೇಬಾರದು."

ಆಷಾಢ. ಮದುವೆಯಿಲ್ಲ, ಒಲೆ ತಣ್ಣಗೆ.
ಮಿಂಟೋ ಆಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡರು.
ಪಟ್ಟಿ ಬಿಚ್ಚಿದ ಮೂರನೇ ದಿನ
ಗೋಡೆ ಹಿಡಿದು ಮಹಡಿಗೆ ಬಂದರು,
ಕೈಯಲ್ಲಿ ಹಳೆಯ ಮಾದರಿ ಪುಸ್ತಕ, ಪುಟಕ್ಕೊಂದು ಎಳೆ.
ಒಂದು ಕಣ್ಣು ಮುಚ್ಚಿದರು. ತೆರೆದು, ಇನ್ನೊಂದು ಮುಚ್ಚಿದರು.
ಎಡಗಣ್ಣಿಗೆ ಲೋಕವೆಲ್ಲ ಕಷಾಯದಲ್ಲಿ ಅದ್ದಿದ ಹಾಗಂತೆ.
ಬಲಗಣ್ಣಿಗೆ ನನ್ನ ಸ್ಟೀಲ್ ಬಿಂದಿಗೆಯೂ ನೀಲಿ.

"ಎಂಟು ವರ್ಷ," ಅಂದರು.
"ನೀಲಿ ಸಾಲದು, ಸಾಲದು ಅಂತ
ಹಂಡೆ ಹಂಡೆಗೂ ಒಂದು ಚಿಟಿಕೆ ಜಾಸ್ತಿ ಹಾಕಿದ್ದೇನೆ.
ಯಾರೂ ಹೇಳಲಿಲ್ಲ."

ಹೇಳಿದ್ದರು. ಚಿಕ್ಕಪೇಟೆಯಲ್ಲಿ ಅದಕ್ಕೆ ಹೆಸರೇ ಇತ್ತು,
ವಿಠಲಸಾ ಕೆಂಪು.
ಹುಡುಕಿಕೊಂಡು ಬರುತ್ತಿದ್ದರು ಹೆಣ್ಣಿನ ಕಡೆಯವರು.

ನನಗೆ ನಗು ಬರಲಿಲ್ಲ. ಅದೇ ವಾರ
ನಮ್ಮಲ್ಲೂ ಒಂದು ಪತ್ತೆಯಾಗಿತ್ತು:
ಎರಡನೇ ಗಾಜಿನ ಲೆಕ್ಕದಲ್ಲಿ ನೂರಕ್ಕೆ ಎರಡರಷ್ಟು ತಪ್ಪು.
ಒಂದೊಂದನ್ನೇ ನೋಡಿದರೆ ಕಾಣುತ್ತಿರಲಿಲ್ಲ,
ಇಷ್ಟು ಹೆಚ್ಚು ಇಷ್ಟು ಕಡಿಮೆಯ ಒಳಗೇ ಅಡಗಿತ್ತು.
ಒಟ್ಟು ಸೇರಿಸಿದರೆ ಎಲ್ಲವೂ ಒಂದೇ ಕಡೆಗೆ ವಾಲಿದ್ದವು.
ತಿದ್ದಿದ ಸಂಜೆ, ಎರಡು ಲಕ್ಷದ ಹನ್ನೊಂದು ಸಾವಿರವೂ
ಹೇಳದೆ ಕೇಳದೆ ಕೊಂಚ ಹತ್ತಿರ ಬಂದು ಕೂತವು.

"ಅವಕ್ಕೆ ಗೊತ್ತಾಯಿತಾ?" ಅಂದರು ವಿಠಲಸಾ.

ತಂತಿಯ ಮೇಲೆ ಲಡಿಗಳನ್ನು ಹರಡಿ
ಬಿಸಿಲು ಇಳಿಯುವ ತನಕ ಪಟ್ಟಿ ಮಾಡಿದೆವು,
ಎಡಗಣ್ಣಿಗೆ ಇಷ್ಟು, ಬಲಗಣ್ಣಿಗೆ ಇಷ್ಟು.
ಬರೆಯುವುದು ನಾನು, ಮುಚ್ಚುವುದು ಅವರು.

ಎಡಗಣ್ಣಿನ ಆಪರೇಷನ್ ಯಾವಾಗ ಎಂದು ಕೇಳಿದೆ.
"ದೀಪಾವಳಿ ಕಳೆಯಲಿ.
ಶ್ರಾವಣಕ್ಕೆ ನಲವತ್ತು ಸೀರೆಯ ನೂಲು ಬಂದಿದೆ,
ಅದೇ ಕೆಂಪು ಬೇಕಂತೆ.
ಈ ಕಣ್ಣೂ ಸರಿಹೋದರೆ ಅದನ್ನು ಯಾರು ನೋಡಿ ಹಾಕಬೇಕು?"